ಏಕಾಗ್ರತೆಗೆ ಬಂದವರು, ನೋವಿಗೆ ಬಂದವರು

ಧ್ಯಾನದ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಒಂದು, ಮಕ್ಕಳನ್ನು ಓದಲು ದೂರ ಕಳಿಸಿದವರದು. ಮಗ ದೆಹಲಿಯ ಲಕ್ಷ್ಮೀ ನಗರದಲ್ಲಿ ಸಿಎ ಕೋಚಿಂಗಿಗೆ ಸೇರಿದ್ದಾನೆ, ಪುಸ್ತಕ ಹಿಡಿದರೆ ಹತ್ತು ನಿಮಿಷ ಮನಸ್ಸು ನಿಲ್ಲುವುದಿಲ್ಲವಂತೆ, ಧ್ಯಾನ ಮಾಡಿದರೆ ಏಕಾಗ್ರತೆ ಬರುತ್ತದೆಯೇ? ಇನ್ನೊಂದು, ಕಾಯಿಲೆ ಬಿದ್ದವರದು. ಸೊಂಟನೋವು ವರ್ಷಗಳಿಂದ ಬೆನ್ನು ಹತ್ತಿದೆ, ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿದೆ, ಕಣ್ಣು ಮುಚ್ಚಿ ಕೂತರೆ ನೋವು ಹೋಗುತ್ತದೆಯೇ? ಮೊದಲ ಪ್ರಶ್ನೆಗೆ ಎಲ್ಲರೂ ಥಟ್ಟನೆ ಹೌದು ಎಂದುಬಿಡುತ್ತಾರೆ. ಎರಡನೆಯದಕ್ಕೆ ನಕ್ಕು ಸುಮ್ಮನಾಗುತ್ತಾರೆ, ಇಲ್ಲವೇ ಯಾವುದೋ ಪವಾಡದ ಕತೆ ಹೇಳುತ್ತಾರೆ. ಆದರೆ ಕಳೆದ ಅರವತ್ತು ವರ್ಷಗಳಲ್ಲಿ ನಡೆದ ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ಹೆಚ್ಚುಕಮ್ಮಿ ತಿರುಗುಮುರುಗಾಗುತ್ತದೆ. ಏಕಾಗ್ರತೆಯ ವಿಚಾರದಲ್ಲಿ ಧ್ಯಾನಕ್ಕಿರುವ ಪುರಾವೆ ನಾವು ನಂಬಿಕೊಂಡಷ್ಟು ಗಟ್ಟಿಯಿಲ್ಲ. ನೋವಿನ ವಿಚಾರದಲ್ಲಿ ನಾವು ನಂಬಿದ್ದಕ್ಕಿಂತ ಗಟ್ಟಿಯಿದೆ. ಹೀಗೇಕೆ ಎಂಬುದು ತಿಳಿದರೆ ಇಬ್ಬರೂ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು ಎಂಬುದೂ ತಿಳಿಯುತ್ತದೆ.

ಲಕ್ಷ್ಮೀ ನಗರ ಯಮುನೆಯ ಪೂರ್ವಕ್ಕೆ, ವಿಕಾಸ್ ಮಾರ್ಗದ ಬದಿಯಲ್ಲಿ ಇಕ್ಕಟ್ಟಾಗಿ ಬೆಳೆದ ಬಡಾವಣೆ. 2010ರ ಜನವರಿಯಲ್ಲಿ ಅಲ್ಲಿಗೆ ಮೆಟ್ರೊ ಬಂತು. ನಿಲ್ದಾಣದ ಮೆಟ್ಟಿಲಿಳಿದರೆ ಕಣ್ಣಿಗೆ ಬೀಳುವುದೆಲ್ಲ ಕೋಚಿಂಗಿನ ಫಲಕಗಳು: ಫೌಂಡೇಶನ್, ಇಂಟರ್, ಫೈನಲ್, ಪಕ್ಕದಲ್ಲಿ ರ‍್ಯಾಂಕ್ ಬಂದವರ ಮುಖಗಳು. ನದಿ ದಾಟಿ ಆಚೆ ಹೋದರೆ, ಐಟಿಒ ಹತ್ತಿರದ ಇಂದ್ರಪ್ರಸ್ಥ ಮಾರ್ಗದಲ್ಲಿ, ಈ ಪರೀಕ್ಷೆಗಳನ್ನು ನಡೆಸುವ ಲೆಕ್ಕಪರಿಶೋಧಕರ ಸಂಸ್ಥೆಯ ಕೇಂದ್ರ ಕಚೇರಿ. ಬಡಾವಣೆಯ ಒಳಗಲ್ಲಿಗಳಲ್ಲಿ ‘ಲೈಬ್ರರಿ’ ಎಂಬ ಬೋರ್ಡು ಕಂಡರೆ ಎರವಲು ಪುಸ್ತಕ ಸಿಗುತ್ತದೆ ಎಂದುಕೊಳ್ಳಬಾರದು. ಅಲ್ಲಿರುವುದು ಪ್ಲೈವುಡ್ ಅಡ್ಡಗೋಡೆಯ ಗೂಡು, ಒಂದು ದೀಪ, ಒಂದು ಪ್ಲಗ್ಗು, ಒಂದು ಕುರ್ಚಿ. ಅದಕ್ಕೆ ತಿಂಗಳ ಬಾಡಿಗೆ. ಹುಡುಗ ಹುಡುಗಿಯರು ಅಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಓಡುವ ವಿಡಿಯೊ ಪಾಠ ಕೇಳುತ್ತ ರಾತ್ರಿ ಮಾಡುತ್ತಾರೆ. ಪರೀಕ್ಷೆಯ ನಿಯಮವೂ ಹಾಗಿದೆ. ಪ್ರತಿ ಪೇಪರಿಗೆ ಕನಿಷ್ಠ 40, ಒಟ್ಟು ಸರಾಸರಿ 50. ಒಂದರಲ್ಲಿ 39 ಬಂದರೆ ಮಿಕ್ಕವುಗಳಲ್ಲಿ ಎಷ್ಟೇ ಬಂದರೂ ಪೇಪರುಗಳ ಆ ಗುಂಪು ದಾಟಿದಂತಾಗುವುದಿಲ್ಲ. ಮನಸ್ಸು ನಿಲ್ಲುತ್ತಿಲ್ಲ ಎಂಬ ದೂರಿನ ಹಿಂದೆ ಸೋಮಾರಿತನಕ್ಕಿಂತ ಹೆಚ್ಚಾಗಿ ಇರುವುದು ಈ 39ರ ಭಯ. ಅದರ ಜೊತೆಗೆ ದಿನಕ್ಕೆ ಹನ್ನೆರಡು ತಾಸು ಕೂತವರ ಕತ್ತುನೋವು, ಬೆನ್ನುನೋವು, ತಲೆನೋವು. ಎರಡು ಪ್ರಶ್ನೆಗಳೂ ಒಂದೇ ಗೂಡಿನಲ್ಲಿ ಕೂತಿವೆ.

ಈ ಲೆಕ್ಕಪತ್ರದ ಮಕ್ಕಳು ತಿಳಿದರೆ ಖುಷಿಪಡುವ ಒಂದು ಸಂಗತಿಯಿದೆ. ಇಂದು ಭಾರತದಲ್ಲಿ ಅತ್ಯಂತ ವ್ಯಾಪಕವಾಗಿ ಕಲಿಸಲಾಗುವ ಧ್ಯಾನಪದ್ಧತಿಗಳಲ್ಲೊಂದಾದ ವಿಪಶ್ಯನ ನಮ್ಮ ಕಾಲಕ್ಕೆ ಬಂದದ್ದು ಒಬ್ಬ ಲೆಕ್ಕಾಧಿಕಾರಿಯ ಕೈಯಿಂದ. ಸಯಾಜಿ ಊ ಬಾ ಖಿನ್ ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. ಕಚೇರಿಯ ಸಿಬ್ಬಂದಿಗೇ ಧ್ಯಾನ ಕಲಿಸಿದವರು, ಆಮೇಲೆ ರಂಗೂನಿನಲ್ಲಿ ಕೇಂದ್ರ ಕಟ್ಟಿದವರು. 1955ರಲ್ಲಿ ಅವರ ಬಳಿಗೆ ಸತ್ಯನಾರಾಯಣ ಗೋಯೆಂಕಾ ಎಂಬ ಮಾರವಾಡಿ ಉದ್ಯಮಿ ಬಂದರು. ಮಂಡಾಲೆಯಲ್ಲಿ ಹುಟ್ಟಿ ಬೆಳೆದ ಇವರಿಗೆ ವಿಪರೀತ ಅರೆತಲೆನೋವು. ಅದಕ್ಕೆ ಮಾರ್ಫಿನ್ ಚುಚ್ಚುಮದ್ದು. ಹೀಗೇ ಬಿಟ್ಟರೆ ಮಾರ್ಫಿನ್ನಿಗೇ ದಾಸನಾಗಬೇಕಾದೀತು ಎಂಬ ಭಯ. ಹಲವು ದೇಶಗಳ ವೈದ್ಯರನ್ನು ಕಂಡರೂ ಗುಣವಾಗಿರಲಿಲ್ಲ. ತಲೆನೋವು ವಾಸಿಮಾಡಿಕೊಳ್ಳಲು ಕಲಿಯುತ್ತೇನೆ ಎಂದಾಗ ಊ ಬಾ ಖಿನ್ ಒಪ್ಪಲಿಲ್ಲ. ಇದು ರೋಗಕ್ಕೆ ಮದ್ದಲ್ಲ, ಅದಕ್ಕಾಗಿ ಬರುವುದಾದರೆ ಆಸ್ಪತ್ರೆಗೆ ಹೋಗಿ ಎಂಬುದು ಅವರ ನಿಲುವು. ಮನಸ್ಸಿನ ಕಲ್ಮಷ ಕಳೆಯುವುದಕ್ಕೆ ಬರುವುದಾದರೆ ಬನ್ನಿ, ಕಾಯಿಲೆ ಹೋದರೆ ಅದು ಬೋನಸ್ಸು. ಗೋಯೆಂಕಾ ಆ ಷರತ್ತು ಒಪ್ಪಿ ಕೂತರು. ತಲೆನೋವಿನ ಕಾಟವೂ ತಪ್ಪಿತು. 1969ರಲ್ಲಿ ಭಾರತಕ್ಕೆ ಬಂದ ಅವರು 2013ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಕಲಿಸಿದರು. ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ, ದೆಹಲಿ ಪಕ್ಕದ ಸೋನಿಪತ್ ಬಳಿಯ ಕಮಾಸಪುರದಲ್ಲಿ ಅವರ ಪರಂಪರೆಯ ಕೇಂದ್ರಗಳಿವೆ. ಊ ಬಾ ಖಿನ್ ಹಾಕಿದ ಷರತ್ತನ್ನು ಜನ ಗುರುವಿನ ಬಿಗುಮಾನ ಎಂದು ಓದುತ್ತಾರೆ. ನನಗದು ಶುದ್ಧ ಲೆಕ್ಕಾಚಾರವಾಗಿ ಕಾಣುತ್ತದೆ. ನೋವು ಹೋಯಿತೇ, ಹೋಯಿತೇ ಎಂದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುವವನಿಗೆ ನೋವಿನಿಂದ ಬಿಡುಗಡೆಯಿಲ್ಲ. ಗಮನ ಬಂತೇ, ಬಂತೇ ಎಂದು ನೋಡುವವನ ಗಮನ ಆಗಲೇ ಪುಸ್ತಕ ಬಿಟ್ಟು ಎದ್ದಿರುತ್ತದೆ.

ಕೂತಾಗ ಆಗುವುದಾದರೂ ಏನು? ಕೇಳಲು ತೀರಾ ಸಪ್ಪೆ. ಮೂಗಿನ ಹೊಳ್ಳೆಯ ಬಳಿ ಉಸಿರು ತಾಗುವ ಜಾಗದ ಮೇಲೆ ಗಮನ ಇಡಬೇಕು. ನಾಲ್ಕು ಉಸಿರಾಗುವಷ್ಟರಲ್ಲಿ ಮನಸ್ಸು ಮನೆ ಬಾಡಿಗೆಗೆ, ನಿನ್ನೆಯ ಜಗಳಕ್ಕೆ, ಜಿಎಸ್‌ಟಿ ಅಧ್ಯಾಯಕ್ಕೆ ಹೋಗಿರುತ್ತದೆ. ಹೋಗಿದೆ ಎಂದು ಗೊತ್ತಾಗಲು ಅರ್ಧ ನಿಮಿಷವೂ ಬೇಕಾಗಬಹುದು, ಐದು ನಿಮಿಷವೂ ಬೇಕಾಗಬಹುದು. ಗೊತ್ತಾದ ಕೂಡಲೇ ಬೈದುಕೊಳ್ಳದೆ ಉಸಿರಿಗೆ ವಾಪಸಾಗಬೇಕು. ಗೂಟಕ್ಕೆ ಕಟ್ಟಿದ ಕರು ಹಗ್ಗ ಜಗ್ಗಿ ಜಗ್ಗಿ ಕೊನೆಗೆ ಗೂಟದ ಬುಡದಲ್ಲೇ ಮಲಗುವುದು ಹೇಗೋ ಹಾಗೆ ಇದು. ಕರುವನ್ನು ಹೊಡೆಯುವ ಕೆಲಸವಿಲ್ಲ, ಹಗ್ಗ ಬಿಚ್ಚದಿದ್ದರೆ ಸಾಕು. ಹೊಸಬರು ಇಲ್ಲಿಯೇ ಎಡವುತ್ತಾರೆ. ಮನಸ್ಸು ಓಡಿತು ಎಂದರೆ ಧ್ಯಾನ ಕೆಟ್ಟಿತು ಎಂದುಕೊಳ್ಳುತ್ತಾರೆ. ಓಡಿದ್ದು ಗೊತ್ತಾಗುವ ಆ ಕ್ಷಣವೇ ಅಭ್ಯಾಸ. ಓಡದಿದ್ದರೆ ಅಭ್ಯಾಸಕ್ಕೆ ಅವಕಾಶವೇ ಇರುವುದಿಲ್ಲ. ಕನ್ನಡ ನಾಡಿಗೆ ಇದೇನೂ ಹೊಸ ಸರಕಲ್ಲ. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಡುವವರು ಮಾಡುವುದೂ ಗಮನಕ್ಕೊಂದು ನೆಲೆ ಕೊಟ್ಟು, ತಪ್ಪಿದಾಗ ಮರಳಿ ತರುವುದನ್ನೇ.

ಇನ್ನು ನೋವು. ಇಪ್ಪತ್ತು ನಿಮಿಷ ಅಲುಗದೆ ಕೂತರೆ ಮೊಣಕಾಲು ತಾನಾಗಿಯೇ ಪಾಠ ಶುರುಮಾಡುತ್ತದೆ. ಮೊದಲು ಸಣ್ಣ ಬಿಗಿತ, ಆಮೇಲೆ ಉರಿ, ಆಮೇಲೆ ಕಾಲು ಸರಿಸಲೇಬೇಕೆಂಬ ತುರ್ತು. ವಿಪಶ್ಯನದ ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರೂವರೆ ದಿನ ಬರೀ ಉಸಿರು. ಆಮೇಲೆ ಒಂದೊಂದು ತಾಸು ಅಲುಗದೆ ಕೂರುವ ಬೈಠಕ್ಕುಗಳು ಬರುವುದು ಈ ಪಾಠಕ್ಕಾಗಿಯೇ. ನೋವೆಂಬ ಆ ಉಂಡೆಯನ್ನು ಬಿಡಿಸಿ ನೋಡಲು ಹೇಳುತ್ತಾರೆ. ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಮುಗಿಯುತ್ತದೆ, ಉರಿಯೋ ಸೆಳೆತವೋ, ಒಂದೇ ಸಮನಿದೆಯೋ ಏರಿಳಿಯುತ್ತದೆಯೋ. ಹೀಗೆ ನೋಡುತ್ತ ಹೋದಾಗ ಅದರಲ್ಲಿ ಎರಡು ಎಳೆಗಳು ಕಾಣುತ್ತವೆ. ಮೊಣಕಾಲಿನ ಉರಿ ಒಂದು. ‘ಇನ್ನು ತಡೆಯಲಾರೆ, ಕೀಲು ಹೋಗಿಯೇಬಿಡುತ್ತದೆ, ಇನ್ನೂ ಎಷ್ಟು ಹೊತ್ತೋ’ ಎಂಬ ಗೋಳು ಮತ್ತೊಂದು. ಕಾಲು ಸರಿಸುವ ತುರ್ತು ಹೆಚ್ಚಾಗಿ ಹುಟ್ಟುವುದು ಎರಡನೆಯದರಿಂದ.

ಇದು ಬರೀ ಆಶ್ರಮದ ಮಾತಲ್ಲ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ಸಿದ್ಧಾಂತದ ನಂತರ ವೈದ್ಯಶಾಸ್ತ್ರವೂ ನೋವನ್ನು ಗಾಯದಿಂದ ಮಿದುಳಿಗೆ ಹೋಗುವ ನೇರ ತಂತಿ ಎಂದು ಕಾಣುವುದನ್ನು ಬಿಟ್ಟಿತು. ಮೇಲೆ ಹೋಗುವ ಸಂಕೇತವನ್ನು ಮಿದುಳು ದಾರಿಯಲ್ಲೇ ಹಿಗ್ಗಿಸಲೂಬಹುದು, ಕುಗ್ಗಿಸಲೂಬಹುದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘಟನೆ 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲೂ ನೋವು ಇಂದ್ರಿಯಾನುಭವವೂ ಹೌದು, ಭಾವಾನುಭವವೂ ಹೌದು. ಧ್ಯಾನ ಮತ್ತು ನೋವಿನ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಲಕ್ಷ್ಮೀ ನಗರದಿಂದ ಕೆಲವೇ ಮೈಲಿ ದೂರದ ಏಮ್ಸ್‌ನಲ್ಲಿ. ಆಗ ಆ ಸಂಸ್ಥೆಗೆ ಐದು ವರ್ಷ ತುಂಬಿತ್ತಷ್ಟೆ. ಬಿ.ಕೆ. ಆನಂದ್, ಜಿ.ಎಸ್. ಛೀನಾ, ಬಲದೇವ್ ಸಿಂಗ್ ಯೋಗಿಗಳ ತಲೆಗೆ ಇಇಜಿ ತಂತಿ ಜೋಡಿಸಿ ನೋಡಿದರು. ವರದಿ 1961ರಲ್ಲಿ ಅಚ್ಚಾಯಿತು. ಅದರಲ್ಲಿ ಇಬ್ಬರು ಯೋಗಿಗಳು 4 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ ಕೈಯದ್ದಿ 45ರಿಂದ 55 ನಿಮಿಷ ತೊಂದರೆಯಿಲ್ಲದೆ ಕೂತಿದ್ದರು. ಫ್ರಿಜ್ಜಿನ ನೀರಿಗೆ ಕೈಯಿಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ. ಸಾಮಾನ್ಯರು ಕೆಲವೇ ನಿಮಿಷಗಳಲ್ಲಿ ಕೈ ಎಳೆದುಕೊಳ್ಳುತ್ತಾರೆ. ಕೈಯದ್ದಿ ಕೂತ ಹೊತ್ತಿನಲ್ಲೂ ಆ ಯೋಗಿಗಳ ಮಿದುಳಿನಲ್ಲಿ ವಿಶ್ರಾಂತಿಯ ಗುರುತಾದ ಆಲ್ಫಾ ತರಂಗಗಳು ಹಾಗೆಯೇ ಇದ್ದವು. ಇಬ್ಬರನ್ನು ನೋಡಿ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಲಾಗದು, ಸರಿ. ಆದರೆ ಪ್ರಶ್ನೆ ಅಲ್ಲಿ ನೆಟ್ಟಗೆ ನಿಂತಿತು.

ಮುಂದಿನವರು ಸಾಮಾನ್ಯರನ್ನು ಕೂರಿಸಿ ನೋಡಿದರು. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಬೇರೆ ವೈದ್ಯರಿಗೆ ದಾರಿ ಕಾಣದ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ತರಗತಿ ಆರಂಭಿಸಿದರು. ದೇವರು, ಮಂತ್ರ ಯಾವುದೂ ಇಲ್ಲದ ಅದೇ ಈಗ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುವ ಎಂಟು ವಾರದ ಪಾಠ. ಫಾದೆಲ್ ಝೈದಾನ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನೈದು ಜನರಿಗೆ ದಿನಕ್ಕೆ 20 ನಿಮಿಷದಂತೆ ನಾಲ್ಕೇ ದಿನ ಉಸಿರಿನ ಮೇಲೆ ಗಮನ ಇಡುವುದನ್ನು ಕಲಿಸಿ, ಕಾಲಿಗೆ 49 ಡಿಗ್ರಿ ಬಿಸಿ ತಾಗಿಸಿದರು. ನೋವಿನ ತೀವ್ರತೆ ಸರಾಸರಿ ಶೇಕಡಾ 40 ಇಳಿಯಿತು. ಅದರ ಅಸಹನೀಯತೆ ಇಳಿದದ್ದು ಶೇಕಡಾ 57. ಉರಿಗಿಂತ ಗೋಳು ಹೆಚ್ಚು ಇಳಿಯಿತು ಎಂಬುದನ್ನು ಗಮನಿಸಬೇಕು. ಪ್ರಯೋಗಶಾಲೆಯ ಬಿಸಿಗೂ ಮನೆಯಲ್ಲಿ ವರ್ಷಗಟ್ಟಲೆ ಕಾಡುವ ಸೊಂಟನೋವಿಗೂ ವ್ಯತ್ಯಾಸವಿದೆ ಎನ್ನುವವರಿಗೆ 2016ರ ಇನ್ನೊಂದು ಅಧ್ಯಯನವಿದೆ. ಡೇನಿಯಲ್ ಚೆರ್ಕಿನ್ ತಂಡ ದೀರ್ಘಕಾಲದ ಸೊಂಟನೋವಿನ 342 ಜನರನ್ನು ಮೂರು ಗುಂಪು ಮಾಡಿತು. ಆರು ತಿಂಗಳ ಬಳಿಕ ನೋಡಿದಾಗ, ಓಡಾಟ ಮತ್ತು ದಿನಗೆಲಸದಲ್ಲಿ ಗಣನೀಯ ಸುಧಾರಣೆ ಕಂಡವರು ಎಂಟು ವಾರದ ಧ್ಯಾನದ ಗುಂಪಿನಲ್ಲಿ ಶೇಕಡಾ 60.5, ಮನೋಚಿಕಿತ್ಸೆಯ ಗುಂಪಿನಲ್ಲಿ 57.7, ಎಂದಿನ ಆರೈಕೆಯಲ್ಲೇ ಇದ್ದವರಲ್ಲಿ 44.1. ಪವಾಡವಲ್ಲ, ಹತ್ತರಲ್ಲಿ ನಾಲ್ವರು ಎಂದಿನ ಆರೈಕೆಯಲ್ಲೇ ಸುಧಾರಿಸಿದ್ದರು, ಇನ್ನು ನಾಲ್ವರು ಎಂಟು ವಾರ ಕೂತರೂ ಸುಧಾರಿಸಲಿಲ್ಲ. ಆದರೂ ಸೊಂಟನೋವಿನಂಥ ಹಟಮಾರಿ ಕಾಯಿಲೆಗೆ ಇದು ಸಣ್ಣ ಗಳಿಕೆಯಲ್ಲ.

ಇದೆಲ್ಲ ನಂಬಿಕೆಯ ಮಹಿಮೆ, ಸಕ್ಕರೆ ಗುಳಿಗೆ ಕೊಟ್ಟರೂ ಹೀಗೇ ಆಗುತ್ತಿತ್ತು ಎನ್ನುವ ಆಕ್ಷೇಪ ಸಹಜ. ಅದನ್ನೂ ಪರೀಕ್ಷಿಸಿದ್ದಾರೆ. 2015ರಲ್ಲಿ ಝೈದಾನ್ ತಂಡ ಧ್ಯಾನದ ಗುಂಪಿನ ಪಕ್ಕದಲ್ಲಿ, ನೋವು ಕಳೆಯುತ್ತದೆ ಎಂದು ನಂಬಿಸಿ ಔಷಧವಿಲ್ಲದ ಮುಲಾಮು ಹಚ್ಚಿಸಿಕೊಂಡವರ ಗುಂಪನ್ನೂ, ಬರೀ ದೀರ್ಘ ಉಸಿರಾಟವನ್ನೇ ಧ್ಯಾನವೆಂದು ನಂಬಿದವರ ಗುಂಪನ್ನೂ ಇಟ್ಟಿತು. ಮೂವರಿಗೂ ನೋವು ಇಳಿಯಿತು. ನಿಜವಾದ ಧ್ಯಾನದವರಿಗೆ ಹೆಚ್ಚು ಇಳಿಯಿತು. ಮರುವರ್ಷ ನಾಲೋಕ್ಸೋನ್ ಎಂಬ ಮದ್ದು ಕೊಟ್ಟು ದೇಹದ ಸ್ವಂತ ಅಫೀಮಿನಂಥ ರಾಸಾಯನಿಕಗಳ ದಾರಿ ಮುಚ್ಚಿದರು. ಸಕ್ಕರೆ ಗುಳಿಗೆಯ ಪರಿಣಾಮ ಬಹುಮಟ್ಟಿಗೆ ಆ ದಾರಿಯಲ್ಲೇ ಬರುವುದು. ಧ್ಯಾನದ ಪರಿಣಾಮ ಆಗಲೂ ಉಳಿಯಿತು. ನಂಬಿಕೆಯ ಪಾಲು ಇಲ್ಲವೆಂದು ಇದರಿಂದ ಹೇಳಲಾಗದು, ನಂಬಿಕೆಯೊಂದೇ ಅಲ್ಲವೆಂದು ಹೇಳಬಹುದು.

ಏಕಾಗ್ರತೆಯ ಕಡೆಗೆ ಬಂದರೆ ನೆಲ ಅಷ್ಟು ಗಟ್ಟಿಯಿಲ್ಲ. ಒಳ್ಳೆಯ ಸುದ್ದಿಯೂ ಇದೆ. ಬೆಂಗಳೂರು ಹೊರವಲಯದ ಜಿಗಣಿ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದಲ್ಲಿ ಎಚ್.ಆರ್. ನಾಗೇಂದ್ರ ರೂಪಿಸಿದ ಆವರ್ತನ ಧ್ಯಾನವನ್ನು ಶರ್ಲಿ ಟೆಲ್ಲಿಸ್ ಮತ್ತು ಸಹೋದ್ಯೋಗಿಗಳು ಅಕ್ಷರ ಹುಡುಕಿ ಹೊಡೆದುಹಾಕುವ ಪರೀಕ್ಷೆಯಲ್ಲಿ ಅಳೆದರು. ಸುಮ್ಮನೆ ಶವಾಸನದಲ್ಲಿ ಮಲಗಿದ್ದಕ್ಕಿಂತ ಆ ಧ್ಯಾನದ ನಂತರ ಅಂಕ ಹೆಚ್ಚು ಬಂತು. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ 48 ವಿದ್ಯಾರ್ಥಿಗಳಿಗೆ ಎರಡು ವಾರ ಕಲಿಸಿದ ಮೇಲೆ ಪ್ರವೇಶಪರೀಕ್ಷೆ ಮಾದರಿಯ ಓದಿನ ಅಂಕ ಏರಿತು. ಮನಸ್ಸು ಹೆಚ್ಚು ಅಲೆಯುತ್ತಿದ್ದವರಿಗೇ ಹೆಚ್ಚು ಲಾಭವಾಯಿತು. ಕೋಚಿಂಗ್ ಜಾಹೀರಾತಿಗೆ ಇಷ್ಟು ಸಾಕು. ಆದರೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮಾಧವ್ ಗೋಯಲ್ ತಂಡ 2014ರಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಆತಂಕ, ಖಿನ್ನತೆ, ನೋವು ಈ ಮೂರಕ್ಕೆ ಮಧ್ಯಮ ಬಲದ ಪುರಾವೆ ಸಿಕ್ಕಿತು, ಗಮನಶಕ್ತಿಗೆ ಸಿಗಲಿಲ್ಲ. ವ್ಯಾಯಾಮಕ್ಕಿಂತ, ಔಷಧಕ್ಕಿಂತ ಧ್ಯಾನ ಮೇಲು ಎನ್ನಲೂ ಆಧಾರ ಕಾಣಲಿಲ್ಲ. ಬ್ರಿಟನ್ನಿನಲ್ಲಿ 11ರಿಂದ 14 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ 85 ಶಾಲೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಾಲೆಯಲ್ಲಿ ಕಲಿಸಿದ ಧ್ಯಾನದಿಂದ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಎಂದಿನ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಏನೂ ಆಗಿರಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ದಲೈ ಲಾಮಾ ಉದ್ಘಾಟಿಸಿದ ಸಂತೋಷದ ತರಗತಿಯೂ ಕೆಲವು ನಿಮಿಷದ ಧ್ಯಾನದಿಂದಲೇ ಆರಂಭವಾಗುವಂತೆ ರೂಪುಗೊಂಡಿತ್ತು. ಮಕ್ಕಳಿಗೆ ಒಂದು ಪೀರಿಯಡ್ ಉಸಿರಾಡಲು ಬಿಡುವು ಸಿಕ್ಕಿತಲ್ಲ ಎಂಬ ಕಾರಣಕ್ಕೇ ನಾನು ಅದರ ಪರ. ಅಂಕ ಏರುತ್ತದೆ ಎಂಬ ಕಾರಣಕ್ಕಲ್ಲ.

ಏಕಾಗ್ರತೆಯ ಕತೆ ಹೀಗೆ ಸಡಿಲವಾಗಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಗಮನ ಕೆಡುವುದಕ್ಕೆ ಹತ್ತು ದಾರಿಗಳಿವೆ. ಐದು ತಾಸಿನ ನಿದ್ದೆ, ಹೊತ್ತಿಲ್ಲದ ಊಟ, ಮೇಜಿನ ಮೇಲಿನ ಫೋನು, ತಲೆಗೆ ಹತ್ತದ ವಿಷಯ, ಮೂಲತಃ ಇಷ್ಟವಿಲ್ಲದ ಓದು. ಹದಿನೈದು ನಿಮಿಷದ ಧ್ಯಾನ ಇವುಗಳಲ್ಲಿ ಒಂದನ್ನೂ ಸರಿಪಡಿಸುವುದಿಲ್ಲ. ನಿದ್ದೆಗೆಟ್ಟವರು ಕಣ್ಣು ಮುಚ್ಚಿ ಕೂತರೆ ತೂಕಡಿಸುತ್ತಾರೆ, ಅಷ್ಟೇ. ಅವರಿಗೆ ಆ ಹೊತ್ತಿನಲ್ಲಿ ಧ್ಯಾನಕ್ಕಿಂತ ತೂಕಡಿಕೆಯೇ ಒಳ್ಳೆಯದು. ಆದರೆ ಓದಿದ್ದು ಬಿಟ್ಟುಹೋಗುವುದಕ್ಕೆ ಇನ್ನೊಂದು ಕಾರಣವಿದೆಯಲ್ಲ, ಆ 39ರ ಭಯ, ಅದರ ಸಂಗತಿ ಬೇರೆ. ಮೂರು ತಾಸಿನ ಪೇಪರಿನಲ್ಲಿ ಮೊದಲ ಪ್ರಶ್ನೆಯೇ ಗೊತ್ತಿಲ್ಲದ್ದು ಬಂತೆನ್ನಿ. ಗೊತ್ತಿಲ್ಲದಿರುವುದರಿಂದ ಹೋಗುವುದು ಹತ್ತೋ ಹದಿನಾಲ್ಕೋ ಅಂಕ. ‘ಈ ಸಲವೂ ಮುಗಿಯಿತು, ಅಪ್ಪನಿಗೆ ಏನು ಹೇಳಲಿ’ ಎಂಬ ಸುಳಿಗೆ ಸಿಕ್ಕರೆ ಹೋಗುವುದು ಮುಂದಿನ ಅರ್ಧ ಗಂಟೆ, ಗೊತ್ತಿದ್ದ ಉತ್ತರಗಳ ಸಮೇತ. ಮೊಣಕಾಲಿನ ಉರಿ ಮತ್ತು ಅದರ ಗೋಳು ಎಂದು ಮೇಲೆ ಬಿಡಿಸಿದ ಎರಡು ಎಳೆಗಳೇ ಇವು. ಧ್ಯಾನಕ್ಕೆ ಪುರಾವೆಯಿರುವುದು ಎರಡನೆಯ ಎಳೆಯ ಮೇಲೆ. ಆತಂಕದ ಕಾಯಿಲೆಯ 276 ಜನರಲ್ಲಿ ಎಂಟು ವಾರದ ಧ್ಯಾನದ ತರಗತಿ ಎಸ್ಸಿಟಾಲೋಪ್ರಾಮ್ ಮಾತ್ರೆಗೆ ಸರಿಸಮವಾಗಿ ನಿಂತಿತು ಎಂದು 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೂ ಇದಕ್ಕೆ ಹೊಂದುತ್ತದೆ. ಅಂದರೆ ಏಕಾಗ್ರತೆಗೆಂದು ಧ್ಯಾನ ಕೇಳುವ ವಿದ್ಯಾರ್ಥಿಯೂ ಒಂದು ಲೆಕ್ಕಕ್ಕೆ ನೋವಿಗೆ ಬಂದವನೇ. ಅವನಿಗೆ ಸಿಗಬಹುದಾದ್ದು ಓಡದ ಮನಸ್ಸಲ್ಲ. ಓಡಿದ್ದು ಅರ್ಧ ಗಂಟೆಯ ಬದಲು ಎರಡು ನಿಮಿಷಕ್ಕೇ ಗೊತ್ತಾಗುವುದು. ಪರೀಕ್ಷಾ ಕೋಣೆಯಲ್ಲಿ ಅದಕ್ಕೆ ಬೆಲೆಯಿದೆ.

ಕಾಯಿಲೆಯವರ ಬಳಿ ಇಷ್ಟೇ ಸ್ಪಷ್ಟವಾಗಿ ಇನ್ನೊಂದು ಮಾತು ಹೇಳಬೇಕು. ಗೋಳು ಇಳಿಯುವುದು ಬೇರೆ, ರೋಗ ಇಳಿಯುವುದು ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜಾನಕಿರಾಮಯ್ಯ, ಬಿ.ಎನ್. ಗಂಗಾಧರ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಇಷ್ಟವಾಗುವುದು ಅದರ ಪ್ರಾಮಾಣಿಕತೆಗೆ. ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ ವಿದ್ಯುತ್ ಚಿಕಿತ್ಸೆ, ಇಮಿಪ್ರಮಿನ್ ಮಾತ್ರೆ, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗ ಕೊಟ್ಟರು. ನಾಲ್ಕು ವಾರಕ್ಕೆ ಗುಣ ಕಂಡವರು ಕ್ರಮವಾಗಿ ಶೇಕಡಾ 93, 73 ಮತ್ತು 67. ಉಸಿರಾಟ ಮಾತ್ರೆಯ ಹತ್ತಿರಕ್ಕೆ ಬಂದದ್ದು ದೊಡ್ಡದೇ. ಆದರೆ ಮೇಲುಗೈ ಯಾವುದರದ್ದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಧ್ಯಾನದಿಂದ ಕ್ಯಾನ್ಸರ್ ಕರಗುತ್ತದೆ, ಸಕ್ಕರೆ ಕಾಯಿಲೆ ಓಡಿಹೋಗುತ್ತದೆ ಎನ್ನುವವರು ಪರಂಪರೆಯ ಹೆಸರು ಹೇಳುತ್ತಾರೆ. ಪರಂಪರೆ ಅವರ ಕಡೆಗಿಲ್ಲ. ಗಮನದ ಧ್ಯಾನವನ್ನು ವಿವರವಾಗಿ ಕಲಿಸುವ ಸತಿಪಟ್ಠಾನ ಸುತ್ತವನ್ನು ಬುದ್ಧ ಉಪದೇಶಿಸಿದ್ದು ಕುರುದೇಶದಲ್ಲಿ, ಅಂದರೆ ಇಂದಿನ ದೆಹಲಿಯ ಸೀಮೆಯಲ್ಲಿ ಎಂದು ಪಾಲಿ ಗ್ರಂಥಗಳು ಹೇಳುತ್ತವೆ. ಅದೇ ಗ್ರಂಥಗಳಲ್ಲಿ ಮುದುಕನಾದ ಬುದ್ಧ, ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ ಎಂದು ಪಾಠವನ್ನು ಶಿಷ್ಯರಿಗೆ ಒಪ್ಪಿಸಿ ಮಲಗುವ ಪ್ರಸಂಗಗಳಿವೆ. ರಮಣ ಮಹರ್ಷಿಗಳ ತೋಳಿನಲ್ಲಿ ಸಾರ್ಕೋಮಾ ಬೆಳೆಯಿತು. ವೈದ್ಯರು ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರು. 1950ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಇವರಿಗೆ ಧ್ಯಾನ ಸಾಲದಾಯಿತೇ? ಬೆನ್ನು ಬೆನ್ನೇ, ಗಡ್ಡೆ ಗಡ್ಡೆಯೇ. ರಕ್ತಪರೀಕ್ಷೆ, ಸ್ಕ್ಯಾನು ಮಾಡಿಸದೆ ಮೊದಲೇ ಧ್ಯಾನಕ್ಕೆ ಕೂತರೆ ನೋವು ಕೊಡುವ ಎಚ್ಚರಿಕೆಯನ್ನೇ ಅಡಗಿಸಿದಂತಾಗುತ್ತದೆ.

ನಂಬಿಕೆಯ ಮಹಿಮೆ ಎಂಬುದಕ್ಕಿಂತ ತೂಕದ ಆಕ್ಷೇಪ ಬೇರೊಂದಿದೆ. ಧ್ಯಾನ ಕಲಿಸುವುದೆಂದರೆ ಸಹಿಸಿಕೋ ಎಂದು ಹೇಳಿಕೊಟ್ಟಂತೆ. ಗಾಳಿಯಿಲ್ಲದ ಕೋಣೆ, ಏರುವ ಬಾಡಿಗೆ, ಒಂದು ಅಂಕಕ್ಕೆ ತಿಂಗಳುಗಟ್ಟಲೆ ಕಳೆಯುವ ಪರೀಕ್ಷೆ ಎಲ್ಲವನ್ನೂ ಹಾಗೇ ಬಿಟ್ಟು ಹುಡುಗನಿಗೆ ಉಸಿರು ನೋಡಿಕೋ ಎನ್ನುವುದು ಅನುಕೂಲಸ್ಥರ ಉಪಾಯ. ಈ ಮಾತನ್ನು ತಳ್ಳಿಹಾಕಲಾಗದು. ಕಚೇರಿಗಳಲ್ಲಿ ರಜೆ ಕೊಡುವ ಬದಲು ಧ್ಯಾನದ ಆ್ಯಪ್ ಕೊಡುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ದೆಹಲಿಯಲ್ಲೇ ಇದಕ್ಕೆ ಒಂದು ಉತ್ತರವೂ ಸಿಕ್ಕಿದೆ. 1993ರಲ್ಲಿ ಕಿರಣ್ ಬೇಡಿ ತಿಹಾರ್ ಜೈಲಿನ ಹೊಣೆ ಹೊತ್ತಾಗ ಅಲ್ಲಿ ವಿಪಶ್ಯನ ಶಿಬಿರಗಳು ಶುರುವಾದವು. 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಗೋಯೆಂಕಾ ಅವರೇ ಶಿಬಿರ ನಡೆಸಿದರು. ಆಮೇಲೆ ಜೈಲಿನೊಳಗೇ ಕಾಯಂ ಕೇಂದ್ರವಾಯಿತು. ಜನ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಅದರ ಜೊತೆಗೆ ಕೈದಿಗಳು ನೇರ ದೂರು ಹಾಕುವ ಪೆಟ್ಟಿಗೆ ಬಂದದ್ದು, ಅಕ್ಷರ ಕಲಿಸುವ ತರಗತಿಗಳು ನಡೆದದ್ದು ಮರೆತುಹೋಗುತ್ತದೆ. ಧ್ಯಾನ ಮಾಡಿದ ಕೈದಿ ದೂರು ಕೊಡುವುದನ್ನು ಬಿಡಬೇಕಿರಲಿಲ್ಲ. ಹಾಗೆಯೇ ಬೆನ್ನುನೋವಿನ ಹುಡುಗಿ ಕೂತು ಉಸಿರು ನೋಡಿದರೂ ಗೂಡಿನ ಕುರ್ಚಿ ಬದಲಿಸಿಕೊಡಿ ಎಂದು ಕೇಳಬಹುದು, ಕೇಳಬೇಕು. ತಪ್ಪಿರುವುದು ಧ್ಯಾನದಲ್ಲಿ ಅಲ್ಲ, ಕುರ್ಚಿಯ ಬದಲು ಧ್ಯಾನ ಕೊಡುವುದರಲ್ಲಿ.

ಅಪಾಯವೇ ಇಲ್ಲದ ಮದ್ದು ಎಂಬ ಮಾತೂ ಅರ್ಧ ಸತ್ಯ. 2020ರಲ್ಲಿ 83 ಅಧ್ಯಯನಗಳನ್ನು ಪರಿಶೀಲಿಸಿದವರಿಗೆ ಧ್ಯಾನಿಗಳಲ್ಲಿ ಸುಮಾರು ಶೇಕಡಾ 8 ಜನ ಆತಂಕ, ಖಿನ್ನತೆಯಂಥ ತೊಂದರೆ ಹೇಳಿಕೊಂಡದ್ದು ಕಂಡಿತು. ದಿನಕ್ಕೆ ಹತ್ತು ತಾಸು ಮೌನವಾಗಿ ಕೂರುವ ಶಿಬಿರ ಎಲ್ಲರಿಗಲ್ಲ. ತೀವ್ರ ಮನೋರೋಗದ ಇತಿಹಾಸವಿದ್ದರೆ ವಿಪಶ್ಯನ ಕೇಂದ್ರಗಳೂ ಅರ್ಜಿಯಲ್ಲೇ ಅದನ್ನು ಕೇಳುತ್ತವೆ, ಅದನ್ನು ಮುಚ್ಚಿಟ್ಟು ಹೋಗಬಾರದು. ಪರೀಕ್ಷೆಗೆ ತಿಂಗಳಿರುವಾಗ ಗಾಬರಿಯಲ್ಲಿ ಶಿಬಿರಕ್ಕೆ ಓಡುವುದೂ ಬೇಡ. ಲಕ್ಷ್ಮೀ ನಗರದ ಗೂಡಿನಲ್ಲಿ ಓದುವವರು ಪುಸ್ತಕ ತೆರೆಯುವ ಮೊದಲು ಹದಿನೈದು ನಿಮಿಷ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಕುರ್ಚಿಯಲ್ಲೇ ಕೂತು ಶುರುಮಾಡಬಹುದು, ಪದ್ಮಾಸನ ಬೇಕಿಲ್ಲ. ಸೊಂಟನೋವಿನವರು ಮಲಗಿಕೊಂಡೇ ಮಾಡಬಹುದು. ಕೂರುವುದೇ ಕಷ್ಟವಾದವರಿಗೆ ನಿಂತು, ಮಲಗಿ, ಮತ್ತೆ ಎದ್ದು ಮಾಡುವ ಆವರ್ತನ ಧ್ಯಾನವಿದೆ. ಸುಮಾರು ಇಪ್ಪತ್ತೆರಡು ನಿಮಿಷದ್ದು. ಫಲ ನೋಡಲು ಎಂಟು ವಾರ ಕೊಡಬೇಕು, ಸೊಂಟನೋವಿನ, ಆತಂಕದ ಪ್ರಯೋಗಗಳಲ್ಲಿ ಪಾಠ ನಡೆದದ್ದೂ ಅಷ್ಟು ದಿನವೇ. ಆಗಲೂ ನೋವಿನ ಗೋಳು ಇಳಿಯದಿದ್ದರೆ, ಕೂತರೂ ಸುಧಾರಿಸದ ಆ ನಾಲ್ವರಲ್ಲಿ ನೀವೂ ಒಬ್ಬರು. ವೈದ್ಯರ ಬಳಿ ಬೇರೆ ದಾರಿ ಕೇಳಿ. ಇಳಿದರೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಬಹುದೇ ಎಂದು ಕೇಳಬೇಕಾದದ್ದೂ ಅವರನ್ನೇ.